ಕ್ಯಾನ್ಸರ್ ಶುಶ್ರೂಷೆ ಮತ್ತು ರೋಗಿ ಶಿಕ್ಷಣ

ಕ್ಯಾನ್ಸರ್ ಶುಶ್ರೂಷೆ ಎಂದರೆ ಕ್ಯಾನ್ಸರ್ (ಅರ್ಬುದ) ಪೀಡಿತರಿಗೆ ರೋಗನಿರ್ಣಯದ ದಿನದಿಂದ ಚೇತರಿಕೆಯವರೆಗೆ ಅಥವಾ ಜೀವಿತದ ಕೊನೆಯ ಹಂತದವರೆಗೆ ತರಬೇತಿ ಪಡೆದ ಶುಶ್ರೂಷಕರು ನೀಡುವ ಆರೈಕೆ. ಔಷಧ ಕೊಡುವುದು, ಗಾಯವನ್ನು ಶುಚಿಗೊಳಿಸುವುದು, ನೋವಿನ ತೀವ್ರತೆಯನ್ನು ಗುರುತಿಸುವುದು ಇದರ ಒಂದು ಭಾಗ. ರೋಗದ ಸ್ವರೂಪ, ಚಿಕಿತ್ಸೆಯ ಅಡ್ಡಪರಿಣಾಮಗಳು ಹಾಗೂ ಮನೆಯಲ್ಲಿ ವಹಿಸಬೇಕಾದ ಎಚ್ಚರಿಕೆಗಳನ್ನು ರೋಗಿಗೂ ಮನೆಯವರಿಗೂ ತಿಳಿಸಿಕೊಡುವುದು ಇನ್ನೊಂದು ಭಾಗ. ಇದನ್ನು ರೋಗಿ ಶಿಕ್ಷಣ ಎನ್ನುತ್ತಾರೆ. ಅನೇಕ ಬಗೆಯ ಕಿಮೊಥೆರಪಿಯನ್ನು ಎರಡು ಅಥವಾ ಮೂರು ವಾರಗಳಿಗೊಮ್ಮೆ ನೀಡಲಾಗುತ್ತದೆ. ನಡುವಿನ ದಿನಗಳನ್ನು ರೋಗಿಯು ಮನೆಯಲ್ಲಿಯೇ ಕಳೆಯುತ್ತಾರೆ. ಅಪಾಯದ ಲಕ್ಷಣಗಳು ಹಲವು ಬಾರಿ ಕಾಣಿಸಿಕೊಳ್ಳುವುದು ಈ ದಿನಗಳಲ್ಲಿ. ಆದ್ದರಿಂದ ರೋಗಿ ಶಿಕ್ಷಣವನ್ನು ಚಿಕಿತ್ಸೆಯ ಅಂಗವೆಂದೇ ಪರಿಗಣಿಸಲಾಗುತ್ತದೆ.

ಹಿನ್ನೆಲೆ

ಭಾರತದಲ್ಲಿ ಕ್ಯಾನ್ಸರ್ ಚಿಕಿತ್ಸೆಗೆಂದೇ ಮೀಸಲಾದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಪ್ರಾರಂಭವಾಯಿತು. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1954ರಲ್ಲಿ ಮದರಾಸಿನ ಅಡ್ಯಾರ್‌ನಲ್ಲಿ ಕ್ಯಾನ್ಸರ್ ಸಂಸ್ಥೆ ಸ್ಥಾಪನೆಯಾಯಿತು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973ರಲ್ಲಿ ಆರಂಭಗೊಂಡು, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂದು ಮಾನ್ಯತೆ ಪಡೆಯಿತು. ಅಮೆರಿಕದಲ್ಲಿ ಕ್ಯಾನ್ಸರ್ ಶುಶ್ರೂಷಕರ ವೃತ್ತಿಸಂಘವು 1975ರಲ್ಲಿ ರೂಪುಗೊಂಡಿತು. ಶುಶ್ರೂಷಕಿಯಾಗಿ ತರಬೇತಿ ಪಡೆದು ಮುಂದೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ನೋವು ದೇಹಕ್ಕೆ ಮಾತ್ರ ಸೀಮಿತವಲ್ಲ, ಅದಕ್ಕೆ ಮಾನಸಿಕ, ಸಾಮಾಜಿಕ ಮತ್ತು ಆಧ್ಯಾತ್ಮಿಕ ಮುಖಗಳೂ ಇವೆ ಎಂಬ ಅವರ ವಿಚಾರವು ಶುಶ್ರೂಷೆಯ ಪಠ್ಯಕ್ರಮದಲ್ಲಿ ಸ್ಥಾನ ಪಡೆದಿದೆ.

ಕಿಮೊಥೆರಪಿ ನೀಡುವಾಗ

ಕಿಮೊಥೆರಪಿ ಔಷಧದ ಪ್ರಮಾಣವನ್ನು ಸಾಮಾನ್ಯವಾಗಿ ರೋಗಿಯ ಎತ್ತರ ಮತ್ತು ತೂಕದ ಆಧಾರದ ಮೇಲೆ ನಿರ್ಧರಿಸಲಾಗುತ್ತದೆ. ರೋಗಿಯ ಹೆಸರು, ಔಷಧ, ಪ್ರಮಾಣ ಮತ್ತು ನೀಡುವ ಮಾರ್ಗವನ್ನು ಇಬ್ಬರು ಪ್ರತ್ಯೇಕವಾಗಿ ಪರಿಶೀಲಿಸುವುದು ಸುರಕ್ಷಿತ ಕ್ರಮ. ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್ ಮುಂತಾದ ಔಷಧಗಳು ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಅಂಗಾಂಶವನ್ನು ಸುಟ್ಟಂತೆ ನಾಶಮಾಡುತ್ತವೆ. ಸೂಜಿಯ ಸುತ್ತ ಉರಿ, ಊತ ಅಥವಾ ನೋವು ಉಂಟಾದರೆ ಕೂಡಲೇ ಹೇಳಬೇಕೆಂದು ರೋಗಿಗೆ ಮೊದಲೇ ತಿಳಿಸಬೇಕು. ಸಂಕೋಚದಿಂದ ಸುಮ್ಮನಿರುವ ರೋಗಿಗೆ ಹಾನಿ ಹೆಚ್ಚು.

ಡಾಕ್ಸೊರುಬಿಸಿನ್ ಪಡೆದ ಬಳಿಕ ಒಂದೆರಡು ದಿನ ಮೂತ್ರವು ಕೆಂಪಾಗುತ್ತದೆ. ಇದು ಔಷಧದ ಬಣ್ಣವೇ ಹೊರತು ರಕ್ತವಲ್ಲ. ಈ ಒಂದು ಮಾತನ್ನು ಮುಂಚಿತವಾಗಿ ಹೇಳಿದರೆ ಮನೆಯವರು ಅನಾವಶ್ಯಕವಾಗಿ ಗಾಬರಿಗೊಳ್ಳುವುದು ತಪ್ಪುತ್ತದೆ.

ಜ್ವರ: ತುರ್ತು ಸ್ಥಿತಿ

ಕಿಮೊಥೆರಪಿಯು ಅಸ್ಥಿಮಜ್ಜೆಯ ಕಾರ್ಯವನ್ನು ಕುಗ್ಗಿಸುವುದರಿಂದ ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ. ಅನೇಕ ಔಷಧಗಳಲ್ಲಿ ಈ ಇಳಿಕೆಯು 7ರಿಂದ 14ನೆಯ ದಿನದೊಳಗೆ ಅತ್ಯಂತ ಕೆಳಮಟ್ಟಕ್ಕೆ ತಲಪುತ್ತದೆ. ಸೋಂಕು ತಗಲಿದಾಗ ಕೀವು, ಕೆಂಪು, ಊತ ಉಂಟಾಗಲು ಬಿಳಿ ರಕ್ತಕಣಗಳೇ ಕಾರಣ. ಅವು ಇಲ್ಲದಿದ್ದಾಗ ತೀವ್ರವಾದ ಸೋಂಕಿಗೂ ಜ್ವರವೊಂದೇ ಕುರುಹಾಗಿ ಉಳಿಯಬಹುದು. ಸಾಮಾನ್ಯ ಜ್ವರವೆಂದು ಭಾವಿಸಿ ಎರಡು ದಿನ ಕಾಯುವುದು ಪ್ರಾಣಕ್ಕೆ ಎರವಾಗಬಲ್ಲದು. ಆದ್ದರಿಂದ ಕೆಳಗಿನ ಅಂಶಗಳನ್ನು ರೋಗಿಗೂ ಮನೆಯವರಿಗೂ ಮನದಟ್ಟು ಮಾಡಿಸಲಾಗುತ್ತದೆ.

• ಮನೆಯಲ್ಲಿ ಥರ್ಮಾಮೀಟರ್ ಇರಬೇಕು; ಅದನ್ನು ಓದಲು ಕನಿಷ್ಠ ಇಬ್ಬರಿಗೆ ಬರಬೇಕು.
• ಉಷ್ಣತೆ 100.4 ಡಿಗ್ರಿ ಫ್ಯಾರನ್‌ಹೀಟ್ (38 ಡಿಗ್ರಿ ಸೆಲ್ಸಿಯಸ್) ಅಥವಾ ಅದಕ್ಕಿಂತ ಹೆಚ್ಚಾದರೆ, ರಾತ್ರಿಯಾದರೂ ಆಸ್ಪತ್ರೆಯನ್ನು ಸಂಪರ್ಕಿಸಬೇಕು.
• ವೈದ್ಯರನ್ನು ಕೇಳದೆ ಪ್ಯಾರಾಸಿಟಮಾಲ್ ನುಂಗಬಾರದು. ಅದು ಜ್ವರವನ್ನು ಮರೆಮಾಡುತ್ತದೆ, ಸೋಂಕನ್ನು ಗುಣಪಡಿಸುವುದಿಲ್ಲ.
• ನಡುಕ, ಉಸಿರಾಟದ ತೊಂದರೆ, ಮಂಪರು, ನಿಲ್ಲದ ಭೇದಿ ಅಥವಾ ರಕ್ತಸ್ರಾವ ಕಂಡರೆ, ಜ್ವರವಿಲ್ಲದಿದ್ದರೂ ತಡಮಾಡಬಾರದು.
• ಬೇರೆ ಆಸ್ಪತ್ರೆಗೆ ಹೋಗಬೇಕಾದರೆ ಕಿಮೊಥೆರಪಿ ಪಡೆದ ದಿನಾಂಕವನ್ನು ಮೊದಲು ಹೇಳಬೇಕು. ಚಿಕಿತ್ಸೆಯ ಚೀಟಿಯನ್ನು ಜೊತೆಯಲ್ಲಿ ಒಯ್ಯಬೇಕು.

ಇಂಥ ರೋಗಿಯು ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಪ್ರತಿಜೀವಕ ಔಷಧ ದೊರೆಯಬೇಕೆಂಬುದು ಅಂಗೀಕೃತ ನಿಯಮ.

ಬಾಯಿಯ ಆರೈಕೆ ಮತ್ತು ಆಹಾರ

ತಂಬಾಕು ಮತ್ತು ಅಡಿಕೆ ಜಗಿಯುವ ಅಭ್ಯಾಸದ ಕಾರಣ ಭಾರತದಲ್ಲಿ ಬಾಯಿಯ ಕ್ಯಾನ್ಸರ್ ವ್ಯಾಪಕವಾಗಿದೆ. ವಿಕಿರಣ ಮತ್ತು ಕಿಮೊಥೆರಪಿಯಿಂದ ಬಾಯಿಯ ಒಳಪದರ ಹುಣ್ಣಾಗಿ, ನುಂಗುವುದೂ ಮಾತಾಡುವುದೂ ಕಷ್ಟವಾಗುತ್ತದೆ. ಮೃದುವಾದ ಬ್ರಷ್ ಬಳಸಬೇಕು. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಟೀ ಚಮಚ ಉಪ್ಪು ಮತ್ತು ಕಾಲು ಟೀ ಚಮಚ ಅಡುಗೆ ಸೋಡಾ ಬೆರೆಸಿ ದಿನಕ್ಕೆ ಹಲವು ಬಾರಿ ಬಾಯಿ ಮುಕ್ಕಳಿಸಬೇಕು. ಖಾರ, ಹುಳಿ ಮತ್ತು ಅತಿ ಬಿಸಿ ಪದಾರ್ಥಗಳನ್ನು ಬಿಡಬೇಕು. ದವಡೆ ಬಿಗಿಯದಂತೆ ಬಾಯಿ ತೆರೆಯುವ ವ್ಯಾಯಾಮವನ್ನು ವೈದ್ಯರ ಸಲಹೆಯಂತೆ ಪ್ರತಿನಿತ್ಯ ಮಾಡಬೇಕು.

ನುಂಗಲಾಗದವರಿಗೆ ಮೂಗಿನ ಮೂಲಕ ಹೊಟ್ಟೆಗೆ ನಳಿಕೆ ಹಾಕಲಾಗುತ್ತದೆ. ರಾಗಿ ಗಂಜಿ, ಬೇಳೆಯ ಕಟ್ಟು, ಹಾಲು ಮೊದಲಾದವನ್ನು ತೆಳ್ಳಗೆ ಸೋಸಿ ಕೊಡಬಹುದು. ರೋಗಿಯನ್ನು ಒರಗಿಸಿ ಕೂರಿಸಿ ಉಣಿಸಬೇಕು. ಉಣಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ಮಲಗಿಸಬಾರದು. ಪ್ರತಿ ಸಲವೂ ಕೊನೆಯಲ್ಲಿ ಶುದ್ಧ ನೀರು ಹಾಯಿಸದಿದ್ದರೆ ನಳಿಕೆ ಕಟ್ಟಿಕೊಳ್ಳುತ್ತದೆ. ನಳಿಕೆ ಜಾರಿ ಹೊರಬಂದರೆ ಮನೆಯಲ್ಲಿ ಮತ್ತೆ ತೂರಿಸಲು ಯತ್ನಿಸಬಾರದು. ಅದು ಶ್ವಾಸನಾಳವನ್ನು ಹೊಕ್ಕರೆ ಅಪಾಯ.

ವಿಕಿರಣ ಚಿಕಿತ್ಸೆಯ ಅವಧಿಯಲ್ಲಿ

ವಿಕಿರಣ ಹಾಯಿಸಬೇಕಾದ ಜಾಗವನ್ನು ಸೂಚಿಸಲು ಚರ್ಮದ ಮೇಲೆ ಎಳೆದ ಗೆರೆಗಳನ್ನು ಉಜ್ಜಿ ಅಳಿಸಬಾರದು. ಆ ಭಾಗದ ಚರ್ಮ ಕಪ್ಪಾಗುವುದೂ ಸುಲಿಯುವುದೂ ಉಂಟು. ಅರಿಶಿನ, ಎಣ್ಣೆ, ಸುಗಂಧದ ಪುಡಿ ಮುಂತಾದವನ್ನು ವೈದ್ಯರನ್ನು ಕೇಳದೆ ಹಚ್ಚಬಾರದು. ಸಡಿಲವಾದ ಹತ್ತಿಯ ಬಟ್ಟೆ ಹಿತಕರ. ಹೊರಗಿನ ಯಂತ್ರದಿಂದ ವಿಕಿರಣ ಪಡೆದವರ ದೇಹದಲ್ಲಿ ವಿಕಿರಣ ಉಳಿಯುವುದಿಲ್ಲ. ಅವರು ಮಕ್ಕಳನ್ನು ಎತ್ತಿಕೊಳ್ಳಬಹುದು, ಎಲ್ಲರೊಡನೆ ಕುಳಿತು ಉಣ್ಣಬಹುದು.

ನೋವು ನಿವಾರಣೆ

ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಪ್ರಕಟಿಸಿದ ಮೂರು ಮೆಟ್ಟಿಲುಗಳ ಕ್ರಮದಲ್ಲಿ, ತೀವ್ರ ನೋವಿಗೆ ಮಾರ್ಫಿನ್‌ನಂತಹ ಔಷಧವನ್ನು ಸೂಚಿಸಲಾಗಿದೆ. ನೋವು ಮರುಕಳಿಸುವವರೆಗೆ ಕಾಯದೆ, ಗಡಿಯಾರ ನೋಡಿ ನಿಗದಿತ ವೇಳೆಗೆ ಔಷಧ ಕೊಡುವುದು ಇದರ ಮುಖ್ಯ ತತ್ತ್ವ. ವೈದ್ಯರ ಮೇಲ್ವಿಚಾರಣೆಯಲ್ಲಿ ನೋವಿಗಾಗಿ ಮಾರ್ಫಿನ್ ಸೇವಿಸುವವರು ವ್ಯಸನಿಗಳಾಗುವುದು ವಿರಳ. ಮಾರ್ಫಿನ್ ಆರಂಭಿಸಿದರೆ ಸಾವು ಸಮೀಪಿಸಿತೆಂದು ತಿಳಿಯುವುದೂ ತಪ್ಪು. ಮಲಬದ್ಧತೆ ಬಹುತೇಕ ಎಲ್ಲರಲ್ಲೂ ಕಾಣಿಸುವುದರಿಂದ ಅದಕ್ಕೆ ಔಷಧವನ್ನು ಜೊತೆಯಲ್ಲೇ ಕೊಡಲಾಗುತ್ತದೆ. 1985ರ ಮಾದಕ ವಸ್ತುಗಳ ಕಾಯಿದೆಯ ಬಿಗಿ ನಿಬಂಧನೆಗಳಿಂದ ಭಾರತದಲ್ಲಿ ಮಾರ್ಫಿನ್ ದೊರೆಯುವುದು ದುಸ್ತರವಾಗಿತ್ತು. 2014ರ ತಿದ್ದುಪಡಿಯು ಈ ನಿಯಮಗಳನ್ನು ಸರಳಗೊಳಿಸಿತು.

ತಿಳಿಸಿಕೊಡುವ ಕ್ರಮ

ರೋಗನಿರ್ಣಯದ ಸುದ್ದಿ ಕೇಳಿದ ಘಳಿಗೆಯಲ್ಲಿ ಹೇಳಿದ ಮಾತುಗಳು ನೆನಪಿನಲ್ಲಿ ಉಳಿಯುವುದು ಕಡಿಮೆ. ಒಂದು ಸಲಕ್ಕೆ ಎರಡು ಮೂರು ವಿಷಯಗಳನ್ನಷ್ಟೇ, ರೋಗಿಯ ಆಡುಮಾತಿನಲ್ಲಿ ಹೇಳುವುದು ಒಳಿತು. "ಅರ್ಥವಾಯಿತೇ?" ಎಂದು ಕೇಳಿದರೆ ಬಹುಮಂದಿ ತಲೆಯಾಡಿಸುತ್ತಾರೆ. ಅದರ ಬದಲು "ರಾತ್ರಿ ಜ್ವರ ಬಂದರೆ ಮನೆಯಲ್ಲಿ ಏನು ಮಾಡುತ್ತೀರಿ?" ಎಂದು ಕೇಳಿ ಅವರ ಬಾಯಿಂದಲೇ ಹೇಳಿಸಬೇಕು. ತಪ್ಪಿದ್ದರೆ ಗದರದೆ ಮತ್ತೊಮ್ಮೆ ವಿವರಿಸಬೇಕು. ಓದಲು ಬಾರದವರಿಗೆ ಚಿತ್ರಗಳು ನೆರವಾಗುತ್ತವೆ. ಅಡುಗೆ ಮಾಡುವವರು ಮತ್ತು ರಾತ್ರಿ ಜೊತೆಗಿರುವವರು ಈ ವೇಳೆ ಹಾಜರಿರುವುದು ಅವಶ್ಯ.

ಕ್ಯಾನ್ಸರ್ ಅಂಟುರೋಗವಲ್ಲ, ತಟ್ಟೆ, ಲೋಟ, ಹಾಸಿಗೆಯನ್ನು ಬೇರ್ಪಡಿಸುವ ಅಗತ್ಯವಿಲ್ಲ. ಕಿಮೊಥೆರಪಿಯ ಬಳಿಕ ಸುಮಾರು 48 ಗಂಟೆಗಳ ಕಾಲ ಮಲ, ಮೂತ್ರ, ವಾಂತಿಯನ್ನು ಶುಚಿಗೊಳಿಸುವಾಗ ಕೈಗವಸು ಧರಿಸಬೇಕೆನ್ನುವುದು ಅವುಗಳಲ್ಲಿ ಹೊರಬರುವ ಔಷಧದ ಕಾರಣದಿಂದ. ಈ ವ್ಯತ್ಯಾಸವನ್ನು ಸ್ಪಷ್ಟಪಡಿಸದಿದ್ದರೆ ಎಚ್ಚರಿಕೆಯೇ ಅಸ್ಪೃಶ್ಯತೆಯಾಗಿ ಪರಿಣಮಿಸುವ ಸಂಭವವಿದೆ.

ರೋಗದ ಹೆಸರನ್ನು ರೋಗಿಗೆ ಹೇಳಬೇಡಿರೆಂದು ಮನೆಯವರು ಕೋರುವುದು ಸಾಮಾನ್ಯ. ಶುಶ್ರೂಷಕರು ಅವರ ಭಯವನ್ನು ಮೊದಲು ಆಲಿಸಿ, ರೋಗಿಗೆ ಈಗಾಗಲೇ ಏನು ಗೊತ್ತಿದೆ, ಎಷ್ಟು ತಿಳಿಯಲು ಇಷ್ಟವಿದೆ ಎಂಬುದನ್ನು ಅರಿತು, ವೈದ್ಯರೊಡನೆ ಚರ್ಚಿಸಿ ಮುಂದುವರಿಯುತ್ತಾರೆ. ಸುಳ್ಳು ಹೇಳಿದರೆ ಚಿಕಿತ್ಸೆಯ ಮೇಲಿನ ವಿಶ್ವಾಸವೇ ಕುಸಿಯುತ್ತದೆ.

ಉಪಶಾಮಕ ಆರೈಕೆ

ರೋಗವನ್ನು ಗುಣಪಡಿಸಲಾಗದಿದ್ದರೂ ನೋವು, ಉಬ್ಬಸ, ದುರ್ವಾಸನೆಯ ಹುಣ್ಣು ಮತ್ತು ಕಳವಳಗಳನ್ನು ತಗ್ಗಿಸಬಹುದು. ಇದನ್ನು ಉಪಶಾಮಕ ಆರೈಕೆ ಎನ್ನುತ್ತಾರೆ. ಕೊನೆಯ ದಿನಗಳಿಗೆ ಕಾಯದೆ ಚಿಕಿತ್ಸೆಯ ಜೊತೆಯಲ್ಲಿಯೇ ಇದನ್ನು ಆರಂಭಿಸಬಹುದು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್‌ನ 'ಕರುಣಾಶ್ರಯ'ವು ಇಂಥ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತದೆ. ಮನೆಯಲ್ಲಿ ಆರೈಕೆ ಮಾಡುವವರು ಪೂರ್ಣ ನಿದ್ರೆಯಿಲ್ಲದೆ ಬಳಲುವುದುಂಟು. ಅವರ ಸ್ಥಿತಿಯನ್ನು ವಿಚಾರಿಸುವುದು, ಸರದಿಯಂತೆ ಬಿಡುವು ಪಡೆಯಲು ಸೂಚಿಸುವುದು ಸಹ ಶುಶ್ರೂಷಕರ ಕರ್ತವ್ಯಗಳಲ್ಲಿ ಸೇರಿದೆ.