ಅಣಕು ಸರ್ವರ್ ಕುರಿತ ತಪ್ಪು ಕಲ್ಪನೆಗಳು

ಹಣ ಪಾವತಿ, ನಕ್ಷೆ, ಹವಾಮಾನ ಮುಂತಾದ ಹೊರಗಿನ ವೆಬ್ ಸೇವೆಗಳನ್ನು ಅವಲಂಬಿಸಿದ ತಂತ್ರಾಂಶವನ್ನು ಸ್ವಯಂಚಾಲಿತವಾಗಿ ಪರೀಕ್ಷಿಸುವಾಗ, ಆ ಸೇವೆಯಂತೆಯೇ ಉತ್ತರ ಕೊಡುವ ಸಣ್ಣ ಸರ್ವರ್ ಒಂದನ್ನು ಅದೇ ಕಂಪ್ಯೂಟರಿನಲ್ಲಿ ಚಾಲನೆಗೊಳಿಸುವ ಕ್ರಮವಿದೆ. ಇದನ್ನು ಮಾಕ್ ಸರ್ವರ್ ಅಥವಾ ಅಣಕು ಸರ್ವರ್ ಎನ್ನುತ್ತಾರೆ. ಜಾವಾ ಬಳಸುವವರಲ್ಲಿ ವೈರ್‌ಮಾಕ್ ಮತ್ತು ಮಾಕ್‌ವೆಬ್‌ಸರ್ವರ್ ಎಂಬ ಸಲಕರಣೆಗಳು ಇದಕ್ಕೆ ಹೆಸರಾಗಿವೆ.

ಸೇವೆಯನ್ನು ಕರೆಯುವ ಫಂಕ್ಷನ್ನಿನ ಜಾಗದಲ್ಲಿ ಒಂದು ನಕಲಿ ಫಂಕ್ಷನ್ ಇಟ್ಟರೆ ಸಾಕು, ಸರ್ವರಿನ ಗೊಡವೆ ಬೇಕಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಆದರೆ ಹಾಗೆ ಮಾಡಿದಾಗ ಕೋರಿಕೆಯು ಬೈಟುಗಳಾಗಿ ಹೊರಬೀಳುವುದೇ ಇಲ್ಲ. ಕನ್ನಡದ ‘ಕ’ ಎಂಬ ಒಂದಕ್ಷರ ಯುಟಿಎಫ್-8 ಸಂಕೇತಕ್ರಮದಲ್ಲಿ 3 ಬೈಟುಗಳನ್ನೂ, ವೆಬ್ ವಿಳಾಸದೊಳಗೆ ಸೇರುವಾಗ ಶೇಕಡಾ ಚಿಹ್ನೆಗಳೊಡನೆ 9 ಅಕ್ಷರಗಳ ಜಾಗವನ್ನೂ ಹಿಡಿಯುತ್ತದೆ. ಈ ಪರಿವರ್ತನೆಯಲ್ಲಾಗುವ ತಪ್ಪು ನಕಲಿ ಫಂಕ್ಷನ್ನಿನ ಕಣ್ಣಿಗೆ ಬೀಳುವುದಿಲ್ಲ, ಅಣಕು ಸರ್ವರಿಗೆ ಮಾತ್ರ ಬಂದ ವಿಳಾಸ ಬಂದಂತೆಯೇ ಕಾಣುತ್ತದೆ.

ಎರಡನೆಯದು, ‘200’ ಎಂಬ ಯಶಸ್ಸಿನ ಸಂಕೇತದೊಡನೆ ಸರಿಯಾದ ಉತ್ತರ ಕಳುಹಿಸುವುದಷ್ಟೇ ಈ ಸರ್ವರಿನ ಕೆಲಸ ಎಂಬ ಗ್ರಹಿಕೆ. ವಾಸ್ತವದಲ್ಲಿ ಇದರ ನಿಜವಾದ ಉಪಯೋಗ ಕೆಡುಕನ್ನು ಬೇಕೆಂದಾಗ ಬರಿಸುವುದರಲ್ಲಿದೆ, ಏಕೆಂದರೆ ಅಸಲಿ ಸೇವೆಯು ಪರೀಕ್ಷಕರು ಕೇಳಿದ ಹೊತ್ತಿಗೆ ಕೆಟ್ಟು ನಿಲ್ಲುವುದಿಲ್ಲ. ಸೇವೆ ಸದ್ಯಕ್ಕಿಲ್ಲ ಎನ್ನುವ 503, ಕೋರಿಕೆಗಳು ಮಿತಿಮೀರಿವೆ ಎನ್ನುವ 429, ಅರ್ಧ ಉತ್ತರ ಕೊಟ್ಟು ಕಡಿದುಹೋಗುವ ಸಂಪರ್ಕ, ಇವೆಲ್ಲವನ್ನೂ ಅಣಕು ಸರ್ವರಿನಿಂದ ಕ್ಷಣಮಾತ್ರದಲ್ಲಿ ಉಂಟುಮಾಡಬಹುದು. ಏನೂ ಉತ್ತರಿಸದೆ ಸುಮ್ಮನಿರುವ ಸರ್ವರಂತೂ ಇವುಗಳಲ್ಲಿ ಅತ್ಯಂತ ಉಪಯುಕ್ತ: ಪೈಥಾನ್ ಭಾಷೆಯ ಜನಪ್ರಿಯ ರಿಕ್ವೆಸ್ಟ್ಸ್ ಲೈಬ್ರರಿಯು, ಕಾಯುವ ಅವಧಿಯನ್ನು ತಾನಾಗಿ ಗೊತ್ತುಪಡಿಸುವುದಿಲ್ಲವಾದ್ದರಿಂದ, ಅದನ್ನು ಬರೆಯಲು ಮರೆತ ತಂತ್ರಾಂಶ ಇಂಥ ಮೌನದೆದುರು ಕಾಯುತ್ತಲೇ ಉಳಿಯುತ್ತದೆ. ಪಾವತಿಯ ಕೋರಿಕೆಯನ್ನು ಮರಳಿ ಕಳುಹಿಸುವಾಗ ಎರಡೂ ಸಲ ಒಂದೇ ಗುರುತಿನ ಸಂಖ್ಯೆ ಹೋಗಿದೆಯೇ, ಇಲ್ಲವಾದರೆ ಗ್ರಾಹಕರ ಖಾತೆಯಿಂದ ಎರಡು ಬಾರಿ ಹಣ ಕಡಿತವಾಗಬಹುದೇ ಎಂಬುದನ್ನೂ, ಸರ್ವರ್ ದಾಖಲಿಸಿಟ್ಟ ಕೋರಿಕೆಗಳನ್ನು ನೋಡಿ ನಿರ್ಣಯಿಸಬಹುದು.

8080ರಂತಹ ಒಂದೇ ಪೋರ್ಟ್ ಸಂಖ್ಯೆಯನ್ನು ಸದಾ ಬಳಸಬಹುದೆಂಬ ಎಣಿಕೆಯೂ ತಪ್ಪು. ಏಕಕಾಲಕ್ಕೆ ಎರಡು ಪರೀಕ್ಷೆಗಳು ನಡೆದರೆ ಅವು ಡಿಕ್ಕಿಯಾಗುತ್ತವೆ. ಪೋರ್ಟ್ 0 ಎಂದು ಕೇಳಿದರೆ ಆಪರೇಟಿಂಗ್ ಸಿಸ್ಟಮ್ ಖಾಲಿ ಇರುವ ಸಂಖ್ಯೆಯೊಂದನ್ನು ತಾನೇ ಕೊಡುತ್ತದೆ, ಅದನ್ನು ತಂತ್ರಾಂಶದ ಸೆಟ್ಟಿಂಗಿಗೆ ತಲುಪಿಸಿದರಾಯಿತು.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು, ಅಣಕು ಸರ್ವರಿನೆದುರು ಗೆದ್ದ ತಂತ್ರಾಂಶ ಅಸಲಿ ಸೇವೆಯೊಡನೆಯೂ ಹೊಂದಿಕೊಳ್ಳುತ್ತದೆ ಎಂಬ ಭರವಸೆ. ಅಣಕು ಸರ್ವರ್ ಹೇಳುವುದು ಪರೀಕ್ಷೆ ಬರೆದವರು ನಂಬಿದ್ದನ್ನೇ. ಸೇವೆಯವರು ಉತ್ತರದ ಒಂದು ಕ್ಷೇತ್ರದ ಹೆಸರನ್ನು ಬದಲಿಸಿದರೂ ಅದು ಹಳೆಯ ಹೆಸರನ್ನೇ ಒಪ್ಪಿಸುತ್ತಿರುತ್ತದೆ, ಮತ್ತು ಅಸಲಿ ಉತ್ತರಗಳನ್ನು ಒಮ್ಮೆ ಮುದ್ರಿಸಿಕೊಂಡು ಮರುನುಡಿಸುವ, ರೂಬಿ ಭಾಷೆಯ ವಿಸಿಆರ್‌ನಂತಹ ಸಲಕರಣೆಗಳಿಗೂ ಈ ದೋಷ ತಪ್ಪಿದ್ದಲ್ಲ. ಪ್ಯಾಕ್ಟ್ ಎಂಬ ಸಲಕರಣೆ ಈ ಕೊರತೆಯನ್ನು ನೀಗಿಸಲು ಬಳಕೆದಾರ ತಂತ್ರಾಂಶದ ನಿರೀಕ್ಷೆಗಳನ್ನು ಒಂದು ಕಡತದಲ್ಲಿ ಬರೆದಿಟ್ಟು, ಅವನ್ನೇ ಅಸಲಿ ಸೇವೆಯೆದುರು ಮತ್ತೆ ಚಲಾಯಿಸಿ ನೋಡುತ್ತದೆ. ಅಂತಹ ತಾಳೆ ನಡೆಯದಿದ್ದಲ್ಲಿ, ಅಣಕು ಸರ್ವರಿನೆದುರು ಸಿಕ್ಕ ಗೆಲುವು ತಂತ್ರಾಂಶವು ತನ್ನ ಲೇಖಕರ ಊಹೆಗೆ ಹೊಂದುತ್ತದೆ ಎಂಬುದನ್ನಷ್ಟೇ ತಿಳಿಸುತ್ತದೆ.