ಕಪ್ಪ ಕೊಟ್ಟವರ ಸಿನಿಮಾ

ಹೆಬಳೆಯಲ್ಲಿ ಆ ರಾತ್ರಿ ಮಳೆ ಜೋರು. ಕರೆಂಟು ಹೋಗಿತ್ತು. ಬೆಂಗಳೂರಿಂದ ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದವನು ಫೋನಿನಲ್ಲಿ ಡೌನ್‌ಲೋಡ್ ಮಾಡಿಟ್ಟಿದ್ದ ರಷ್ಯನ್ ಸಿನಿಮಾ ನೋಡ್ತಾ ಕೂತಿದ್ದೆ. ಅಜ್ಜಿ ಪಕ್ಕಕ್ಕೆ ಬಂದು ಕೂತಳು.

“ಅವ್ರು ಎಂತ ಕೇಳ್ತ್ರು ಮಗಾ?”

“ಮಂಗೋಲರ ಖಾನ್ ಇದಾನಲ್ಲ, ಅವನ ಅಮ್ಮಂಗೆ ಕಣ್ಣು ಕಾಣೂದಿಲ್ಲ. ಗುಣ ಮಾಡೋಕೆ ಪಾದ್ರಿನ ಕಳಿಸಿ, ಇಲ್ಲಾಂದ್ರೆ ಊರು ಸುಡ್ತೀವಿ ಅಂತಿದಾರೆ.”

“ಹೊಡೆದಾಡೂದಿಲ್ಲಾ?”

“ಇಲ್ಲ ಅಜ್ಜಿ. ಇವ್ರು ವರ್ಷಾ ವರ್ಷಾ ಕಪ್ಪ ಕೊಡೋ ಜನ.”

“ಹಾಂಗಾರೆ ಅದ್ರಲ್ಲಿ ಸಿನ್ಮಾ ಎಂತದು?”

ಆ ಪ್ರಶ್ನೆ ತಲೆಯಲ್ಲೇ ಉಳೀತು.

ಸಿನಿಮಾ ಆಂದ್ರೇಯ್ ಪ್ರೋಶ್ಕಿನ್ ಅವರ ‘ಓರ್ಡಾ’ (2012). ಹಿನ್ನೆಲೆ ಇಷ್ಟು: 1237ರಲ್ಲಿ ಚೆಂಗೀಸ್ ಖಾನನ ಮೊಮ್ಮಗ ಬಾತು ರಷ್ಯದ ಮೇಲೆ ಬಿದ್ದ. ಅಲ್ಲಿಂದ ಹೆಚ್ಚುಕಡಿಮೆ 1480ರವರೆಗೆ ರಷ್ಯದ ದೊರೆಗಳು ಖಾನನ ಅಪ್ಪಣೆ ಪತ್ರ ಇಟ್ಟುಕೊಂಡೇ ಆಳಿದರು, ಕಪ್ಪ ಕಟ್ಟಿದರು. ಮಾಸ್ಕೋದ ಒಂದನೇ ಇವಾನ್‌ಗೆ ‘ಕಲಿತಾ’ ಅಂತಲೇ ಹೆಸರು, ಅಂದ್ರೆ ಹಣದ ಚೀಲ. ಖಾನನ ಪರವಾಗಿ ಕಪ್ಪ ಎತ್ತುತ್ತಲೇ ಮಾಸ್ಕೋವನ್ನು ದೊಡ್ಡದು ಮಾಡಿದವನು ಅವನು.

ಆದರೆ ತೆರೆಗೆ ಬೇಕಾಗಿರೋದು ಕತ್ತಿ. 2017ರ ‘ಲೆಜೆಂಡ್ ಆಫ್ ಕೊಲೊವ್ರಾತ್’ ನೋಡಿ, ಹಿಮ, ರಕ್ತ, ಸ್ಲೋ ಮೋಷನ್. ವೀಕೆಂಡಿಗೆ ಸಾಕು.

ಸೆರ್ಗೆಯ್ ಐಸೆನ್‌ಸ್ಟೈನ್ ಅವರ ‘ಅಲೆಕ್ಸಾಂಡರ್ ನೆವ್‌ಸ್ಕಿ’ (1938) ಇನ್ನೂ ಮಜಾ. ಶುರುವಿನಲ್ಲೇ ರಾಜಕುಮಾರ ಸರೋವರದಲ್ಲಿ ಜನರ ಜತೆ ಮೀನಿನ ಬಲೆ ಎಳೀತಿರ್ತಾನೆ. ಥೇಟ್ ನಮ್ಮ ಕೈರಂಪಣಿ! ಮಂಗೋಲ್ ದೂತ ಬಂದು ನಮ್ಮ ಸೇವೆಗೆ ಬಾ ಅಂತಾನೆ, ಇವನು ಒಲ್ಲೆ ಅಂತಾನೆ. ಆಮೇಲೆ ಸಿನಿಮಾ ಜರ್ಮನ್ ಸೈನಿಕರ ಮೇಲಿನ 1242ರ ಯುದ್ಧಕ್ಕೆ ಹೋಗಿಬಿಡುತ್ತೆ. ನಿಜವಾದ ನೆವ್‌ಸ್ಕಿ ಮುಂದೆ ಮಂಗೋಲರಿಗೆ ತಲೆಬಾಗಿದ. ಕಪ್ಪಕ್ಕಾಗಿ ಜನಗಣತಿ ಬೇಡ ಅಂತ ನವ್ಗೊರೊದ್ ಊರಿನವರು ಗಲಾಟೆ ಎಬ್ಬಿಸಿದಾಗ, ಅವರನ್ನು ಬಗ್ಗಿಸಿ 1259ರಲ್ಲಿ ಲೆಕ್ಕ ಬರೆಸಿದವನೂ ಇವನೇ. ಕ್ಯಾಮೆರಾ ಅಲ್ಲಿಗೆ ಹೋಗಲೇ ಇಲ್ಲ.

ಹೋದವರು ತಾರ್ಕೊವ್‌ಸ್ಕಿ. 1966ರಲ್ಲಿ ಮುಗಿಸಿದ ‘ಆಂದ್ರೇಯ್ ರುಬ್ಲೆವ್’ ಸೋವಿಯತ್ ಥಿಯೇಟರುಗಳಿಗೆ ಬಂದದ್ದು 1971ರಲ್ಲಿ. 1408ರಲ್ಲಿ ವ್ಲಾದಿಮಿರ್ ನಗರ ಸುಡುವ ಭಾಗದಲ್ಲಿ ತಾತಾರರನ್ನು ಕರ್ಕೊಂಡು ಬರೋನು ರಷ್ಯದ ರಾಜಕುಮಾರನೇ, ಅಣ್ಣನ ಮೇಲಿನ ಹೊಟ್ಟೆಕಿಚ್ಚಿಗೆ. ಮೂರು ಗಂಟೆ ಸಿನಿಮಾ, ಫೋನಿನಲ್ಲಿ ನೋಡಬೇಡಿ. ನಾನು ನೋಡಿ ಕೆಟ್ಟೆ.

ನಮ್ಮಲ್ಲಿ ಕಪ್ಪ ಅಂದ್ರೆ ನೆನಪಾಗೋದು ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ (1961). ಬಿ. ಸರೋಜಾದೇವಿ ಚೆನ್ನಮ್ಮ, ರಾಜ್‌ಕುಮಾರ್ ಮಲ್ಲಸರ್ಜ. ಕಪ್ಪ ಒಲ್ಲೆ ಅನ್ನೋ ಡೈಲಾಗು ಹೊಡೆಯದ ಸ್ಕೂಲ್ ಡೇ ಉಂಟಾ? ನನಗೂ ಆ ಸಿನಿಮಾ ಪ್ರೀತಿ. ಆದರೆ ನಮ್ಮ ಕರಾವಳಿಯ ಕಥೆ ಬೇರೆ. ಇಲ್ಲಿಯವರು ಕೊಟ್ಟರು.

1502. ಭಟ್ಕಳ ಆಗ ವಿಜಯನಗರಕ್ಕೆ ಕುದುರೆ ಇಳಿಸುವ ಬಂದರು. ವಾಸ್ಕೋ ಡ ಗಾಮಾ ಎರಡನೇ ಸಲ ಬಂದಾಗ ಮೊದಲು ಹೊನ್ನಾವರ, ಆಮೇಲೆ ಭಟ್ಕಳದ ಮೇಲೆ ದಾಳಿ ಮಾಡಿದ. ಪೋರ್ಚುಗೀಸ್ ಬರಹಗಾರ ಗಾಸ್ಪರ್ ಕೊರೈಯಾ ಬರೆದಿಟ್ಟಂತೆ, ಊರು ಒಪ್ಪಿಕೊಂಡದ್ದು ವರ್ಷಕ್ಕೆ ಇಷ್ಟು: ಹಡಗಿನ ಆಳುಗಳಿಗೆ 1000 ಹೊರೆ ಸಾಧಾರಣ ಅಕ್ಕಿ, ಕಪ್ತಾನರಿಗೆ 500 ಹೊರೆ ಒಳ್ಳೆ ಅಕ್ಕಿ.

ಅದೇ ಹಡಗುಗಳು ಅಲ್ಲಿಂದ ದಕ್ಷಿಣಕ್ಕೆ ಹೋಗಿ, ಕೆಲವೇ ವಾರಗಳಲ್ಲಿ, ಮೆಕ್ಕಾ ಯಾತ್ರಿಕರಿದ್ದ ಹಡಗನ್ನು ಸುಟ್ಟವು. ಆ ಬೆಂಕಿ ಸಂತೋಷ್ ಶಿವನ್ ಅವರ ಮಲಯಾಳಂ ‘ಉರುಮಿ’ಯಲ್ಲಿ (2011) ಇದೆ, ಸೇಡಿನ ಕಥೆ ಶುರುವಾಗೋದೇ ಅಲ್ಲಿ. ಸಿನಿಮಾದ ಗಾಮಾ ನಮ್ಮೂರು ದಾಟಿದ ಮೇಲಿನ ಗಾಮಾ.

ಇದೆಲ್ಲ ಅಜ್ಜಿಗೆ ಹೇಳಿದೆ. ಅವಳಿಗೆ ಗಾಮಾ ಬೇಡ, ಅಕ್ಕಿ ಲೆಕ್ಕ ಬೇಕು.

“ಹೊರೆ ಅಂದ್ರೆ ಎಷ್ಟು ಮುಡಿ?”

“ಗೊತ್ತಿಲ್ಲ ಅಜ್ಜಿ.”

“ನಾವು ವರ್ಷಕ್ಕೆ ಎಂಟು ಮುಡಿ ಕೊಡ್ತಿದ್ವು, ಗೇಣಿ.”

ಗೇಣಿ ಗದ್ದೆ ಅಂತ ಗೊತ್ತಿತ್ತು. ಎಂಟು ಅಂತ ಗೊತ್ತಿರಲಿಲ್ಲ. 1974ರ ಭೂಸುಧಾರಣೆ ಬಂದು ಗದ್ದೆ ನಮ್ಮ ಹೆಸರಿಗೆ ಆಗೋವರೆಗೆ ಅಜ್ಜ ಪ್ರತಿ ಸುಗ್ಗಿಗೆ ಮುಡಿ ಕಟ್ಟಿ, ತಲೆ ಮೇಲೆ ಹೊತ್ತು ಒಡೆಯರ ಅಂಗಳಕ್ಕೆ ಇಳಿಸಿ ಬರ್ತಿದ್ದನಂತೆ. ಅಲ್ಲಿ ಒಬ್ಬ ಮುಡಿಯೊಳಗೆ ಕೈ ತೂರಿಸಿ ಅಕ್ಕಿ ತೆಗೆದು, ಕಡಿದು ನೋಡ್ತಿದ್ದ. ನುಚ್ಚು ಸಿಕ್ಕರೆ ಆ ಮುಡಿ ವಾಪಸ್ಸು. ಗದ್ದೆಗೆ ಉಪ್ಪುನೀರು ನುಗ್ಗಿದ ವರ್ಷ ಅಂಗಡಿಯಲ್ಲಿ ಸಾಲ ಮಾಡಿ ಎಂಟು ಮುಡಿ ತುಂಬಿಸಿದರು. ಅಜ್ಜಿ ಆಗ ಬಸುರಿ, ಹೊಟ್ಟೆಯಲ್ಲಿ ನಮ್ಮಪ್ಪ. ಮನೆಯಲ್ಲಿ ನುಚ್ಚಿನ ಗಂಜಿ.

“ಒಲ್ಲೆ ಅನ್ಲಿಲ್ವಾ ಅಜ್ಜ?”

“ಒಲ್ಲೆ ಅಂದ್ರೆ ಮುಂದಿನ ವರ್ಷ ಗದ್ದೆ ಯಾರು ಕೊಡ್ತ್ರು?” ಅಂದವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, “ಆ ಕಪ್ತಾನಂಗೆ ಕೊಟ್ಟ ಒಳ್ಳೆ ಅಕ್ಕಿ ಯಾರ ಗದ್ದೆದು ಮಗಾ?”

ಕೊರೈಯಾ ಅದನ್ನು ಬರೆದಿಲ್ಲ.

ಫೋನಿನಲ್ಲಿ ಹನ್ನೊಂದು ಪರ್ಸೆಂಟ್ ಚಾರ್ಜ್ ಉಳಿದಿತ್ತು. ಆಫೀಸಿನ ಮೆಸೇಜಿಗೆ ಅಂತ ಆಫ್ ಮಾಡೋಕೆ ಹೋದೆ.

“ಬೇಡ, ಹಾಕು. ಆ ಪಾದ್ರಿ ಕಥೆ ಎಂತಾಯ್ತು ನೋಡ್ವ” ಅಂದಳು.