ಮೊಲದ ತುರಿಗೆ ನಾಯಿ ಔಷಧ ಬ್ಯಾಡ್ರಿ

ಚಿತ್ತಾಪುರ ತಾಲ್ಲೂಕಿನ ನಮ್ಮ ಮನೆಯಲ್ಲಿ ಮಗಳು ಸಾಕಿದ ಮೊಲ ದಿನವಿಡೀ ಕೆರೆದುಕೊಳ್ಳುತ್ತಿತ್ತು. ಮೂಗು, ಕಿವಿ ಅಂಚಿನ ಕೂದಲು ಉದುರಿ ಹಕ್ಕಳೆ ಕಟ್ಟಿತ್ತು. ನಾಯಿ ಉಣ್ಣಿಗೆ ತಂದಿಟ್ಟ ಫಿಪ್ರೊನಿಲ್ ಸಿಂಪಡಿಸಿದೆ. ಮೊಲ ಸತ್ತಿತು.

ಜೊತೆಯದಕ್ಕೂ ತುರಿ ಹತ್ತಿದಾಗ ದನದ ದವಾಖಾನೆಗೆ ಒಯ್ದೆ. “ಇದು ನುಸಿಯ ಕಜ್ಜಿ. ಆ ಔಷಧ ಮೊಲಕ್ಕೆ ವಿಷ ರೀ” ಅಂದರು ಡಾಕ್ಟರು. ತೂಕ ನೋಡಿ, ಕಿಲೋಗೆ 0.2 ಮಿಲಿಗ್ರಾಂ ಲೆಕ್ಕದಲ್ಲಿ ಐವರ್‌ಮೆಕ್ಟಿನ್ ಚರ್ಮದಡಿ ಚುಚ್ಚಿದರು. ನುಸಿಯ ಮೊಟ್ಟೆಗೆ ಮದ್ದು ತಾಗದು. ಅದಕ್ಕೇ 14 ದಿನ ಬಿಟ್ಟು ಮತ್ತೊಂದು.

ಗೂಡಿನ ಹಳೆ ಹುಲ್ಲು, ಗೋಣಿ ಸುಟ್ಟೆ. ಅಡಿಯ ಶಹಾಬಾದ ಫರಸಿಗೆ ಕುದಿನೀರು ಸುರಿದು ಒಣಗಿಸಿದೆ. ಮುಟ್ಟಿದವರಿಗೂ ತುರಿಕೆ ಬರಬಹುದು, ಕೈಗೆ ಸೋಪು ಹಚ್ಚಿ ತೊಳೀರಿ. ನಮ್ಮ ಮೊಲಕ್ಕೆ ಈಗ ಕೂದಲು ಬಂದಿದೆ.

ಗಬ್ಬದ ಮೊಲ ಎದೆಗೂದಲು ಕಿತ್ತು ಗೂಡಿಗೆ ಹಾಸಿದರೆ ರೋಗವಲ್ಲ, ಮದ್ದು ಬೇಡ.